ಬಾಕಿ

ಪ್ಲಗ್ ಕಿತ್ತು ಮೂರು ದಿನವಾಗಿದೆ. ಆದರೂ
ನೇರ ಕೈ ಹಾಕುವಂತಿಲ್ಲ.

ಪ್ಯಾರೇಜಾನ್ ಸಾಬರು ಹೇಳುತ್ತಿದ್ದರು:
ಮೊದಲು ಎಡಗೈ ಜೇಬಲ್ಲಿಡು,
ಆಮೇಲೆ ಬಲಗೈಗೆ ಧೈರ್ಯ ಹೇಳು.
ಹಳೆ ಡಬ್ಬಿಯೊಳಗಿನ ವೋಲ್ಟು
ಹಬ್ಬಕ್ಕೆ ಬಂದ ಅಳಿಯನ ಹಾಗೆ,
ಹೊರಡುವ ಮಾತೇ ಎತ್ತುವುದಿಲ್ಲ.

ಬಲ್ಬಿನ ಎರಡು ವೈರು ಮುಟ್ಟಿಸಿದೆ.
ತಂತಿ ಕೆಂಪಗೆ ಒಮ್ಮೆ ಮಿಟುಕಿತು,
ಅಷ್ಟೇ.

ಕೋನಪ್ಪ ಸೌಂಡ್ ಸರ್ವೀಸಿನ ಆಂಪ್ಲಿಫೈಯರು.
ಮುಂದುಗಡೆ ಬಿಳಿ ಪೇಂಟಿನಲ್ಲಿ 'ಕೋ' ಮಾತ್ರ ಉಳಿದಿದೆ.
ಶಿಡ್ಲಘಟ್ಟದ ಮದುವೆ, ಉರುಸು, ಎಲೆಕ್ಷನ್ನು,
ಸಂತೆಯಲ್ಲಿ ಕಳೆದ ಮಗುವಿನ ಅಂಗಿಯ ಬಣ್ಣ,
ಎಲ್ಲ ಇದರ ಗಂಟಲಲ್ಲಿ ಹಾದುಹೋಗಿವೆ.
ಅವನ ಮಗಳು ಸುಗುಣ ಮೊಪೆಡ್ಡಿನ ಮುಂದಿಟ್ಟುಕೊಂಡು ತಂದಳು.
'ಹಾಡಿಗಿಂತ ಗುಂಯ್ ಅನ್ನೋದೇ ಜಾಸ್ತಿ ಅಣ್ಣ.
ಬೆಚ್ಚಗಿರತ್ತೆ ಅಂತ ಬೆಕ್ಕು ಮಾತ್ರ ಮೇಲೆ ಮಲಗತ್ತೆ.'

ಬೋರಲು ಹಾಕಿದೆ.
ಪೇಪರ್ ಕೆಪಾಸಿಟರುಗಳ ಮೇಣ ಬೆವತು ಜಿನುಗಿದೆ.
ದೊಡ್ಡ ಡಬ್ಬಿಯ ಬುಡ ಉಬ್ಬಿ, ರಬ್ಬರು ಬಿರಿದು,
ಸುತ್ತ ಬಿಳಿ ಉಪ್ಪು.
ಮುಖದ ಮೇಲೆ ಮೂವತ್ತೆರಡು ಅಂತ ಬರೆದುಕೊಂಡಿದೆ;
ಮೀಟರು ಹೇಳುವುದು ನಾಲ್ಕು.

ಕಿತ್ತು, ಕತ್ತಿನ ಸುತ್ತ ಬ್ಲೇಡಲ್ಲಿ ಕೊಯ್ದು
ಒಳಗಿನ ಸುರುಳಿ ಎಳೆದೆ.
ತಗಡಿನ ಹಾಳೆ, ಕಾಗದ, ಹಾಳೆ, ಕಾಗದ.
ಎಳೆದಷ್ಟೂ ಬಂತು, ಬೆಂಚು ದಾಟಿ ಬಾಗಿಲವರೆಗೆ.
ಪಕ್ಕದ ಬೀದಿಯಲ್ಲಿ ಗೂಡು ಬೇಯುವ ವಾಸನೆ.
ಈ ಊರಲ್ಲಿ ಎಲ್ಲರ ಕಸುಬೂ
ಸುತ್ತಿದ್ದನ್ನು ಬಿಚ್ಚುವುದೇ.
ಅವರು ನೂಲು ಇಟ್ಟುಕೊಂಡು ಹುಳು ಎಸೆಯುತ್ತಾರೆ,
ನಾನು ಸುರುಳಿ ಎಸೆದು ಬರೀ ಚಿಪ್ಪು ಇಟ್ಟುಕೊಳ್ಳುತ್ತೇನೆ.

ಎಸ್‌ಪಿ ರೋಡಿಂದ ತಂದ ಹೊಸದು ಹೆಬ್ಬೆರಳಷ್ಟೂ ಇಲ್ಲ.
ಹಳೆ ಡಬ್ಬಿಯೊಳಗೆ ಇಳಿಸಿದರೆ
ಅಪ್ಪನ ಷರಟು ಹಾಕಿಕೊಂಡ ಹುಡುಗ.
ಅಂಟು ಕರಗಿಸಿ ಸುರಿದೆ, ಅಲುಗಾಡದ ಹಾಗೆ.
ಪ್ಲಸ್ಸು ಎಲ್ಲಿ, ಮೈನಸ್ಸು ಎಲ್ಲಿ, ಮೂರು ಸಲ ನೋಡಿದೆ.

ತಿರುಗಾಮುರುಗಾ ಆದರೆ ಸಿಡಿಯುತ್ತದೆ.
ಒಮ್ಮೆ ಸಿಡಿದಿತ್ತು, ನಾನೇ ಹಾಕಿದ್ದು.
ಸಾಬರ ಗಡ್ಡದ ತುಂಬ ಬೆಳ್ಳಿ ಚೂರು,
ಹದಿನಾಲ್ಕರ ನಾನು ಬಾಗಿಲ ಹಿಂದೆ.
ಬೈಯಲಿಲ್ಲ. ಗಡ್ಡ ಕೊಡವಿಕೊಳ್ಳುತ್ತ
'ಜಲ್ದಿ ನಕ್ಕೋ' ಅಂದರು.
ಆ ಎರಡು ಮಾತಿನಲ್ಲೇ ಮೂವತ್ತು ವರ್ಷ ಅನ್ನ ಉಂಡಿದ್ದೇನೆ.

ಡಬ್ಬಿ ವಾಪಸು ಕೂರಿಸುವಾಗ ಕಂಡಿತು:
ತಗಡಿನ ಮೇಲೆ ಧೂಳು ಹಿಡಿಯದ ಗುಂಡು ಜಾಗ,
ಅದರೊಳಗೆ ಪೆನ್ಸಿಲಿನಲ್ಲಿ ಅವರ ಉರ್ದು ಅಂಕಿ,
ಕೆಳಗೆ ಕೂಡಿಸಿ ಕೂಡಿಸಿ ಬರೆದ ಕನ್ನಡ:
ಕೋನಪ್ಪ. ಏಳೂವರೆ ರೂಪಾಯಿ. ಬಾಕಿ.

ಯಾರ ಕಣ್ಣಿಗೂ ಬೀಳದ ಕಡೆ ಬರೆದಿದ್ದರು,
ಮತ್ತೆ ಕೆಟ್ಟಾಗ ಕೇಳಿದರಾಯಿತು ಅಂತಲೋ
ಕೇಳುವುದೇ ಬೇಡ ಅಂತಲೋ.
ಮೇಲೆ ಡಬ್ಬಿ ಇಟ್ಟು ಬೆಸೆದೆ. ರಾಳದ ಹೊಗೆ ಕಣ್ಣಿಗೆ ಬಂತು.

ಸೀರೀಸ್ ಬಲ್ಬಿಗೆ ಸೇರಿಸಿ ಸ್ವಿಚ್ಚು ಒತ್ತಿದೆ.
ಝಗ್ಗನೆ ಉರಿಯಿತು. ಉಸಿರು ಹಿಡಿದೆ.
ಆಮೇಲೆ ನಿಧಾನಕ್ಕೆ ಅರಿಶಿನವಾಗಿ, ಕೆಂಪಾಗಿ,
ಮಂಕಾಯಿತು.
ನಮ್ಮ ಕಸುಬಿನಲ್ಲಿ ದೀಪ ಮಂಕಾದರೆ ಶುಭ.

ವಾಲ್ವುಗಳಲ್ಲಿ ಕೆಂಡ ಕೂತವು.
ಸ್ಪೀಕರಿಗೆ ಕಿವಿ ಹಚ್ಚಿದೆ. ಗುಂಯ್ ಇಲ್ಲ.
ಪಕ್ಕದ ಬೀದಿಯ ರಾಟೆ ಕೇಳಿಸಿತು,
ಯಾರೋ ತೊಟ್ಟಿಗೆ ನೀರು ಸುರಿದದ್ದು,
ನನ್ನದೇ ಕಿವಿಯೊಳಗಿನ ಸಣ್ಣ ಸಿಳ್ಳು.
ಹಾಡು ಹಾಕುವುದು ಮರೆತೇಹೋಯಿತು.

ಸಂಜೆ ಸುಗುಣ ಬಿಲ್ಲು ನೋಡಿದಳು.
'ಕೊನೇಲಿ ಇದೇನು ಅಣ್ಣ, ಏಳೂವರೆ?'
'ನಿಮ್ಮಪ್ಪನ ಬಾಕಿ. ಆ ಡಬ್ಬಿ ಕೆಳಗಿದೆ.'
'ಸುಳ್ಳು. ಬಿಚ್ಚಿ ತೋರಿಸು.'
'ಈಗ ಕರೆಂಟು ತುಂಬಿದೆ ತಾಯಿ, ನಕ್ಕೋ.'

ನಕ್ಕು, ಎಲ್ಲ ಲೆಕ್ಕದ ಮೇಲೆ ಹತ್ತರ ನೋಟು ಇಟ್ಟಳು.
ಎರಡೂವರೆ ಚಿಲ್ಲರೆ ನನ್ನ ಹತ್ತಿರ ಇರಲಿಲ್ಲ.

ಪೆನ್ಸಿಲು ಹುಡುಕುತ್ತಿದ್ದೇನೆ.